ಹಾರ ಆಮೇಲೆ ಹಾಕಿ, ಮೊದಲು ಮೈದಾನ ಕೊಡಿ

2022ರ ಅಕ್ಟೋಬರ್‌ನಲ್ಲಿ ಜಾರ್ಖಂಡ್‌ನಿಂದ ಒಂದು ಸುದ್ದಿ ಬಂತು. ಗುಮ್ಲಾ ಜಿಲ್ಲೆಯ ಗೊರ್ರಾಟೋಲಿ ಎಂಬ ಸಣ್ಣ ಊರಿಗೆ ಜಿಲ್ಲಾಡಳಿತ ರಸ್ತೆ ಮಾಡಿಸುತ್ತಿತ್ತು. ಆ ಊರಿನ ಹುಡುಗಿಯೊಬ್ಬಳು ಭಾರತ ಫುಟ್‌ಬಾಲ್ ತಂಡದ ನಾಯಕಿಯಾಗಿದ್ದಳು. ಆಕೆಯ ಗೌರವಕ್ಕಾಗಿ ಆ ರಸ್ತೆ. ರಸ್ತೆ ಕೆಲಸಕ್ಕೆ ಬಂದ ಕೂಲಿಯವರಲ್ಲಿ ಆ ಹುಡುಗಿಯ ಅಪ್ಪ, ಅಮ್ಮನೂ ಇದ್ದರು. ಕೂಲಿ ದಿನಕ್ಕೆ 250 ರೂಪಾಯಿ. ಮಗಳ ಪಂದ್ಯ ನೋಡಲು ಮನೆಯಲ್ಲಿ ಟಿ.ವಿ. ಇರಲಿಲ್ಲ. ಅದನ್ನೂ ಜಿಲ್ಲಾಡಳಿತವೇ ತಂದು ಇಡಿಸಿತು.

ಹುಡುಗಿಯ ಹೆಸರು ಅಸ್ತಮ್ ಒರಾಂವ್. ಆಡುವ ಜಾಗ ಡಿಫೆಂಡರ್, ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವವಳು.

ಸುದ್ದಿ ಓದಿದ ಹಲವರು ಮರುಗಿದರು. ಹಲವರು ಸರ್ಕಾರಕ್ಕೆ ಬೈದರು. ಎರಡೂ ಸರಿಯೇ. ಆದರೆ ನಮಗೆ ಇದರಲ್ಲಿ ಬೇರೆ ಒಂದು ಪ್ರಶ್ನೆ ಕಾಣುತ್ತದೆ. ಸರಿಯಾದ ರಸ್ತೆ ಇಲ್ಲದ, ಮನೆಯಲ್ಲಿ ಟಿ.ವಿ. ಇಲ್ಲದ ಊರಿನಿಂದ ಒಬ್ಬ ಹುಡುಗಿ ವಿಶ್ವಕಪ್‌ವರೆಗೆ ಹೋದದ್ದು ಹೇಗೆ? ರಸ್ತೆ ಇದೆ, ಕೈಯಲ್ಲಿ ಮೊಬೈಲ್ ಇದೆ, ಭಟ್ಕಳದಲ್ಲಿ ರೈಲು ನಿಲ್ಲುತ್ತದೆ. ಇಷ್ಟೆಲ್ಲ ಇದ್ದೂ ನಮ್ಮ ತೆಂಗಿನಗುಂಡಿಯ ಹುಡುಗಿಗೆ ಆ ದಾರಿ ಯಾಕೆ ಕಾಣುವುದಿಲ್ಲ?

ನಮ್ಮ ಉತ್ತರ ಇಷ್ಟೇ. ಅಸ್ತಮ್ ಊರಿಗೆ ರಸ್ತೆ ತಡವಾಗಿ ಬಂತು, ಆದರೆ ಅಸ್ತಮ್ ಕಾಲಿಗೆ ಚೆಂಡು ಸರಿಯಾದ ವಯಸ್ಸಿನಲ್ಲಿ ಸಿಕ್ಕಿತು. ನಮ್ಮಲ್ಲಿ ರಸ್ತೆ ಬಂದಿದೆ, ಚೆಂಡು ಬಂದಿಲ್ಲ.

ಆಕೆ ನಡೆದ ದಾರಿ

ಜಾರ್ಖಂಡ್‌ನ ಗುಮ್ಲಾ, ಸಿಮ್ಡೇಗಾ ಕಡೆ ಹುಡುಗಿಯರು ಹಾಕಿ, ಫುಟ್‌ಬಾಲ್ ಆಡುವುದು ಹೊಸದಲ್ಲ. ಅಲ್ಲಿನ ಆದಿವಾಸಿ ಊರುಗಳಲ್ಲಿ ಹುಡುಗಿ ಚೆಂಡು ಒದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಗುಮ್ಲಾದ ಸೇಂಟ್ ಪ್ಯಾಟ್ರಿಕ್ ಶಾಲೆಯ ಹುಡುಗಿಯರು ಶಾಲಾ ಮಕ್ಕಳ ದೊಡ್ಡ ಟೂರ್ನಿಯಾದ ಸುಬ್ರೊತೊ ಕಪ್ ಗೆದ್ದವರು. ಹಜಾರಿಬಾಗ್‌ನಲ್ಲಿ ರಾಜ್ಯ ಸರ್ಕಾರ ಹುಡುಗಿಯರಿಗಾಗಿ ಫುಟ್‌ಬಾಲ್ ವಸತಿ ಕೇಂದ್ರ ನಡೆಸುತ್ತದೆ. ಊಟ, ವಸತಿ, ಶಾಲೆ, ಬೆಳಗ್ಗೆ ಮತ್ತು ಸಂಜೆ ತರಬೇತಿ, ಎಲ್ಲ ಒಂದೇ ಕಡೆ. ಅಸ್ತಮ್ ಬೆಳೆದದ್ದು ಅಂಥ ಕೇಂದ್ರದಲ್ಲಿ.

ಇದನ್ನು ಸ್ವಲ್ಪ ನಿಂತು ಯೋಚಿಸಿ. ಬಡ ಮನೆಯ ಹುಡುಗಿಗೆ ಪ್ರತಿಭೆಗಿಂತ ಮೊದಲು ಬೇಕಾದದ್ದು ಎರಡು ಹೊತ್ತಿನ ಸರಿಯಾದ ಊಟ. ಆಮೇಲೆ ಸಂಜೆ ನಾಲ್ಕರಿಂದ ಆರರವರೆಗೆ ಮನೆಗೆಲಸದಿಂದ ಬಿಡುವು. ಆಮೇಲೆ ತಪ್ಪನ್ನು ತಿದ್ದುವ ಒಬ್ಬ ಕೋಚ್. ಕೊನೆಗೆ ತನ್ನಂಥವೇ ಇಪ್ಪತ್ತು ಹುಡುಗಿಯರು, ಯಾಕೆಂದರೆ ಫುಟ್‌ಬಾಲ್ ಒಬ್ಬಳೇ ಆಡಿ ಕಲಿಯುವ ಆಟವಲ್ಲ. ವಸತಿ ಕೇಂದ್ರ ಈ ನಾಲ್ಕನ್ನೂ ಒಟ್ಟಿಗೆ ಕೊಡುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ.

ಪರಿಣಾಮ ನೋಡಿ. 2022ರ ಹದಿನೇಳು ವರ್ಷದೊಳಗಿನವರ ಮಹಿಳಾ ವಿಶ್ವಕಪ್ ಭಾರತದಲ್ಲೇ ನಡೆಯಿತು. ಭಾರತ ತಂಡದ 21 ಹುಡುಗಿಯರಲ್ಲಿ ಆರು ಮಂದಿ ಜಾರ್ಖಂಡ್ ಒಂದೇ ರಾಜ್ಯದವರು. ಅಸ್ತಮ್, ಪೂರ್ಣಿಮಾ ಕುಮಾರಿ, ನೀತು ಲಿಂಡಾ, ಅನಿತಾ ಕುಮಾರಿ, ಅಂಜಲಿ ಮುಂಡಾ, ಸುಧಾ ಅಂಕಿತಾ ತಿರ್ಕಿ. ಹೆಚ್ಚಿನವರು ಕೂಲಿ, ಸಣ್ಣ ಬೇಸಾಯದ ಮನೆಯವರು. ದೇಶದ ದೊಡ್ಡ, ಶ್ರೀಮಂತ ರಾಜ್ಯಗಳನ್ನು ಹಿಂದೆ ಹಾಕಿ ಒಂದು ಬಡ ರಾಜ್ಯ ತಂಡದ ಕಾಲು ಭಾಗವನ್ನು ಕಳಿಸಿತು. ಅಲ್ಲಿ ಹುಟ್ಟುವ ಹುಡುಗಿಯರ ಕಾಲಿನಲ್ಲಿ ವಿಶೇಷ ಮೂಳೆ ಇರುವುದಿಲ್ಲ. ಅಲ್ಲಿ ಹಾಸ್ಟೆಲ್ ಇತ್ತು, ಶಾಲೆಯಲ್ಲಿ ಚೆಂಡಿತ್ತು, ಅಷ್ಟೆ.

ಹದಿನಾರು ಗೋಲು

ವಿಶ್ವಕಪ್‌ನಲ್ಲಿ ಏನಾಯಿತು ಎಂಬುದನ್ನೂ ಮುಚ್ಚಿಡುವುದು ಬೇಡ. ಭಾರತದ ಮಹಿಳೆಯರು ಫಿಫಾ ವಿಶ್ವಕಪ್ ಆಡಿದ್ದು ಯಾವುದೇ ವಯೋಮಿತಿಯಲ್ಲಿ ಅದೇ ಮೊದಲು. ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಅಕ್ಟೋಬರ್ 11ರಂದು ಅಮೆರಿಕದ ಎದುರು 0-8ರಿಂದ ಸೋತರು. 14ರಂದು ಮೊರಾಕ್ಕೊ ಎದುರು 0-3. 17ರಂದು ಬ್ರೆಜಿಲ್ ಎದುರು 0-5. ಮೂರು ಪಂದ್ಯದಲ್ಲಿ ಹದಿನಾರು ಗೋಲು ಬಿಟ್ಟರು, ಒಂದೂ ಹೊಡೆಯಲಿಲ್ಲ.

ಡಿಫೆಂಡರ್ ಆಗಿ, ಮೇಲಿಂದ ನಾಯಕಿಯಾಗಿ, ಅಸ್ತಮ್‌ಗೆ ಇದು ಹೇಗಿದ್ದಿರಬಹುದು? ಗೋಲು ಹೊಡೆಯುವವಳು ಒಂದು ಅವಕಾಶ ತಪ್ಪಿಸಿದರೆ ಮತ್ತೊಂದು ಬರುತ್ತದೆ. ತಡೆಯುವವಳು ತಪ್ಪಿದರೆ ಬೋರ್ಡಿನ ಮೇಲೆ ಅಂಕಿ ಬದಲಾಗುತ್ತದೆ, ಇಡೀ ಊರು ನೋಡುತ್ತದೆ. ಹೊಸ ಟಿ.ವಿ. ಮುಂದೆ ಗೊರ್ರಾಟೋಲಿಯವರೂ ನೋಡುತ್ತಿದ್ದರು.

ಇನ್ನೊಂದು ಮಾತು. ಮೊರಾಕ್ಕೊ ಪಂದ್ಯದಲ್ಲಿ ಅರ್ಧ ಆಟ ಮುಗಿದಾಗ ಅಂಕಿ 0-0 ಇತ್ತು. ಮೂರು ದಿನ ಮೊದಲು ಎಂಟು ಗೋಲು ತಿಂದ ಅದೇ ಹುಡುಗಿಯರು ನಲವತ್ತೈದು ನಿಮಿಷ ಒಂದೂ ಗೋಲು ಬಿಡಲಿಲ್ಲ. ಆ ನಲವತ್ತೈದು ನಿಮಿಷಕ್ಕೆ ಯಾರೂ ಹಾರ ಹಾಕಲಿಲ್ಲ. ಆದರೆ ಡಿಫೆಂಡರ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾವು ಅದನ್ನೇ ತೋರಿಸುತ್ತೇವೆ.

ಅಸ್ತಮ್ ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ವರ್ಷ, 2023ರಲ್ಲಿ, ಚೀನಾದಲ್ಲಿ ನಡೆದ ಏಷ್ಯನ್ ಗೇಮ್ಸ್‌ಗೆ ಹೋದ ಭಾರತದ ಹಿರಿಯರ ತಂಡದ ಪಟ್ಟಿಯಲ್ಲಿ ಆಕೆಯ ಹೆಸರಿತ್ತು. ಅದೇ ಪಟ್ಟಿಯಲ್ಲಿ ಮಣಿಪುರದ ಆಶಾಲತಾ ದೇವಿ ಕೂಡ ಇದ್ದರು. ಅವರೂ ಡಿಫೆಂಡರ್. 2024ರಲ್ಲಿ ನೂರು ಅಂತರರಾಷ್ಟ್ರೀಯ ಪಂದ್ಯ ಮುಟ್ಟಿದ ಭಾರತದ ಮೊದಲ ಮಹಿಳೆ ಅವರೇ. ಹದಿನಾರು ಗೋಲು ಬಿಟ್ಟ ತಂಡದ ಹುಡುಗಿ ಒಂದೇ ವರ್ಷದಲ್ಲಿ ಆಶಾಲತಾರ ಪಕ್ಕ ನಿಲ್ಲುವಂತಾದದ್ದು ಸಣ್ಣ ಮಾತಲ್ಲ. ಸೋಲನ್ನು ದಾಟಲು ಒಂದು ಜಾಗ ಬೇಕು. ಮರುದಿನ ಬೆಳಗ್ಗೆ ಮತ್ತೆ ಹೋಗಿ ನಿಲ್ಲಲು ಒಂದು ಮೈದಾನ ಬೇಕು. ಆಕೆಗೆ ಅದಿತ್ತು.

ತಡೆಯುವವಳ ಲೆಕ್ಕ

ಫುಟ್‌ಬಾಲ್ ನೋಡದವರಿಗೆ ಕಬಡ್ಡಿಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ರೇಡ್‌ಗೆ ಹೋದವನ ಹೆಸರನ್ನು ಮೈಕಿನವನು ಕೂಗುತ್ತಾನೆ. ಮೂಲೆಯಲ್ಲಿ ಕಾದು ಕಾಲು ಹಿಡಿಯುವವನ ಹೆಸರು ನೆನಪಿರುವುದು ಆಟ ಗೊತ್ತಿದ್ದವರಿಗೆ ಮಾತ್ರ. ಫುಟ್‌ಬಾಲ್‌ನ ಡಿಫೆಂಡರ್ ಆ ಮೂಲೆಯ ಆಟಗಾರನ ಹಾಗೆ. ಓಡಿ ಬರುವವಳ ಕಣ್ಣು ನೋಡಬಾರದು, ಚೆಂಡು ನೋಡಬೇಕು. ಆತುರದಿಂದ ಕಾಲು ಹಾಕಿದರೆ ಆಕೆ ದಾಟಿ ಹೋಗುತ್ತಾಳೆ. ಕಾಯಬೇಕು, ಒಂದೊಂದೇ ಹೆಜ್ಜೆ ಹಿಂದೆ ಸರಿಯಬೇಕು, ಆಕೆಯನ್ನು ಅಂಚಿಗೆ ತಳ್ಳಬೇಕು, ಚೆಂಡು ಕಾಲಿನಿಂದ ಒಂದು ಗೇಣು ದೂರವಾದ ಕ್ಷಣಕ್ಕೆ ನುಗ್ಗಬೇಕು. ನಾಲ್ವರು ಡಿಫೆಂಡರ್‌ಗಳು ಒಂದೇ ಸಾಲಿನಲ್ಲಿ ಮುಂದೆ ಹೋಗಬೇಕು, ಒಂದೇ ಸಾಲಿನಲ್ಲಿ ಹಿಂದೆ ಬರಬೇಕು. ಒಬ್ಬಳು ಎರಡು ಹೆಜ್ಜೆ ಹಿಂದುಳಿದರೂ ಸಾಲು ಒಡೆಯುತ್ತದೆ. ಅದಕ್ಕೇ ಡಿಫೆಂಡರ್ ಆದವಳು ಆಟದುದ್ದಕ್ಕೂ ಕೂಗುತ್ತಲೇ ಇರಬೇಕು. 'ಎಡಕ್ಕೆ ಬಾ', 'ಬಿಡು', 'ನನ್ನದು'. ಮೆಲುದನಿಯ ಹುಡುಗಿಯೂ ಈ ಆಟದಲ್ಲಿ ದನಿ ಎತ್ತಲು ಕಲಿಯುತ್ತಾಳೆ.

ಮೀನುಗಾರರ ಮನೆಯಲ್ಲಿ ಹುಟ್ಟಿದವರಿಗೆ ಈ ಕೆಲಸ ಹೊಸದಲ್ಲ. ದೋಣಿ ಕಡಲಿಗೆ ಹೋದದ್ದನ್ನು ಊರು ನೋಡುತ್ತದೆ, ಬಲೆಗೆ ಬಿದ್ದ ಬಂಗಡೆಯ ಲೆಕ್ಕ ಮಾತಾಗುತ್ತದೆ. ದಕ್ಕೆಯಲ್ಲಿ ಮೀನು ಆರಿಸಿ, ಬುಟ್ಟಿ ಹೊತ್ತು, ಮನೆ ಮನೆಗೆ ಮಾರಿ, ಉಳಿದದ್ದನ್ನು ಉಪ್ಪು ಹಾಕಿ ಒಣಗಿಸಿ, ಜೂನ್-ಜುಲೈನ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಒಲೆ ಆರದಂತೆ ನೋಡಿಕೊಳ್ಳುವವರು ಹೆಂಗಸರು. ಅವರ ಕೆಲಸ ನಿಂತ ದಿನವೇ ಅದು ಇತ್ತೆಂದು ಗೊತ್ತಾಗುವುದು. ಮರಳಿನಲ್ಲಿ ಬುಟ್ಟಿ ಹೊತ್ತು ನಡೆದ ತಾಯಂದಿರ ಹೆಣ್ಣುಮಕ್ಕಳಿಗೆ ಕಾಲಿನಲ್ಲಿ ಬಲ ಇಲ್ಲ ಎಂದು ಯಾರೂ ಹೇಳಲಾರರು. ಇಲ್ಲದಿರುವುದು ಆ ಬಲವನ್ನು ಆಟವಾಗಿ ತಿದ್ದುವ ಜಾಗ.

ಜಾರ್ಖಂಡ್ ದೂರ ಎನ್ನುವವರಿಗೆ

ಹಾಗಾದರೆ ಹತ್ತಿರದ್ದೇ ಹೇಳೋಣ. ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿ ಬಂಗಳಂ ಎಂಬ ಊರಿದೆ. ನಮ್ಮದೇ ಕಡಲು, ನಮ್ಮದೇ ಮಳೆ, ಅದೇ ತೆಂಗು. ಅಲ್ಲಿಯ ಪಿ. ಮಾಳವಿಕಾ ಊರಿನ ಮೈದಾನದಲ್ಲಿ ಊರಿನ ಕೋಚ್ ಕೈಯಲ್ಲಿ ಕಲಿತು, ಕ್ಲಬ್‌ಗಳಲ್ಲಿ ಆಡಿ, 2025ರಲ್ಲಿ ಭಾರತದ ಹಿರಿಯರ ತಂಡ ಸೇರಿದಳು. ಆಕೆ ಡಿಫೆಂಡರ್ ಅಲ್ಲ, ಮುಂದೆ ಆಡುವವಳು. ಆ ಜೂನ್‌ನಲ್ಲಿ ಥಾಯ್ಲೆಂಡ್‌ನಲ್ಲಿ ನಡೆದ ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಭಾರತ ಮಂಗೋಲಿಯಾವನ್ನು 13-0ರಿಂದ ಸೋಲಿಸಿದಾಗ ಅದರಲ್ಲಿ ಮಾಳವಿಕಾಳ ಗೋಲೂ ಇತ್ತು. ಜುಲೈ 5ರಂದು ಥಾಯ್ಲೆಂಡ್‌ಅನ್ನು ಅದರದೇ ನೆಲದಲ್ಲಿ 2-1ರಿಂದ ಸೋಲಿಸಿ ಭಾರತ 2026ರ ಏಷ್ಯಾ ಕಪ್‌ಗೆ ಹೋಯಿತು. ಅರ್ಹತಾ ಸುತ್ತು ಆಡಿ ಗೆದ್ದು ನಮ್ಮ ಮಹಿಳೆಯರು ಏಷ್ಯಾ ಕಪ್ ಮುಟ್ಟಿದ್ದು ಇದೇ ಮೊದಲು.

ಉತ್ತರಕ್ಕೆ ಹೋಗಿ. ಹರಿಯಾಣದ ಭಿವಾನಿ ಜಿಲ್ಲೆಯ ಅಲಖಪುರ. ಅಲ್ಲಿ ಸರ್ಕಾರಿ ಶಾಲೆಯ ದೈಹಿಕ ಶಿಕ್ಷಕರೊಬ್ಬರು ಸುಮ್ಮನೆ ಕುಳಿತಿದ್ದ ಹುಡುಗಿಯರ ಕೈಗೆ ಒಂದು ಚೆಂಡು ಕೊಟ್ಟರು. ಆ ಊರಿನ ಹುಡುಗಿಯರು 2015 ಮತ್ತು 2016ರಲ್ಲಿ ಸುಬ್ರೊತೊ ಕಪ್ ಗೆದ್ದರು. ಆ ಊರಿನ ಸಂಜು ಯಾದವ್ ಭಾರತಕ್ಕೆ ಆಡಿದರು. ಹೆಣ್ಣುಮಕ್ಕಳನ್ನು ಹೊರಗೆ ಬಿಡುವುದಿಲ್ಲ ಎಂದು ಹೆಸರಾದ ಸೀಮೆಯಲ್ಲೇ ಇದು ನಡೆಯಿತು.

ನಮ್ಮ ರಾಜ್ಯಕ್ಕೆ ಈ ಆಟ ಗೊತ್ತಿಲ್ಲವೆಂದಲ್ಲ. ಬೆಂಗಳೂರಿನ ಚಿತ್ರಾ ಗಂಗಾಧರನ್ ಹಿಂದೆಯೇ ಭಾರತ ತಂಡದ ಗೋಲ್‌ಕೀಪರ್ ಆಗಿದ್ದವರು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ಭಾರತೀಯ ಮಹಿಳಾ ಲೀಗ್‌ನ ಫೈನಲ್‌ವರೆಗೆ ಹೋಯಿತು. ಏಷ್ಯಾ ಕಪ್ ಅರ್ಹತಾ ಸುತ್ತಿಗೆ ಮೊದಲು ಭಾರತ ತಂಡ ಉಜ್ಬೇಕಿಸ್ತಾನದ ಜೊತೆ ಸೌಹಾರ್ದ ಪಂದ್ಯ ಆಡಿದ್ದೂ ಬೆಂಗಳೂರಿನಲ್ಲೇ. ರಾಜಧಾನಿಯಲ್ಲಿ ಹಸಿರು ಹುಲ್ಲಿನ ಮೈದಾನವಿದೆ, ಕ್ಲಬ್ ಇದೆ, ಕೋಚ್ ಇದ್ದಾರೆ. ತೆಂಗಿನಗುಂಡಿಯಿಂದ ಅಲ್ಲಿಗೆ ಹೋಗುವ ಮೆಟ್ಟಿಲು ಮಾತ್ರ ಇಲ್ಲ.

ಆ ವಿಶ್ವಕಪ್‌ನ ಪಂದ್ಯಗಳು ಗೋವಾದ ಮಡಗಾಂವ್‌ನಲ್ಲೂ ನಡೆದವು. ಸೆಮಿಫೈನಲ್ ಆಡಿದ್ದು ಅಲ್ಲೇ. ಮಡಗಾಂವ್ ನಮಗೆಷ್ಟು ದೂರ? ಭಟ್ಕಳದಲ್ಲಿ ರೈಲು ಹತ್ತಿದರೆ ಕೆಲವೇ ತಾಸು. ಆಸ್ಪತ್ರೆಗೆ ಹೋಗುತ್ತೇವೆ, ಕೆಲಸಕ್ಕೆ ಹೋಗುತ್ತೇವೆ, ಮದುವೆಗೆ ಹೋಗುತ್ತೇವೆ. ಜಗತ್ತಿನ ಹುಡುಗಿಯರು ಆಡುವುದನ್ನು ನೋಡಲು ನಮ್ಮ ಶಾಲೆಗಳ ಎಷ್ಟು ಹುಡುಗಿಯರು ಹೋದರು? ನಿಮ್ಮ ಮನೆಯಲ್ಲೇ ಕೇಳಿ ನೋಡಿ.

ನಮ್ಮಲ್ಲಿ ಎಲ್ಲಿ ನಿಲ್ಲುತ್ತದೆ

ಸಂಜೆ ತೆಂಗಿನಗುಂಡಿ ಕಡಲದಂಡೆಗೆ ಬಂದರೆ ಆಟಕ್ಕೆ ಬರವಿಲ್ಲ. ಒಂದು ಕಡೆ ಕ್ರಿಕೆಟ್, ಒಂದು ಕಡೆ ವಾಲಿಬಾಲ್, ಇನ್ನೊಂದು ಕಡೆ ಚೆಂಡು ಒದೆಯುವವರು. ಎಲ್ಲ ಹುಡುಗರು. ಹುಡುಗಿಯರೂ ಬರುತ್ತಾರೆ, ತಮ್ಮನನ್ನು ಕರೆದುಕೊಂಡು ಹೋಗಲು.

ಅದೇ ಹುಡುಗಿಯರು ಆರನೇ, ಏಳನೇ ತರಗತಿಯಲ್ಲಿದ್ದಾಗ ಓಡುತ್ತಿದ್ದರು, ಖೋಖೋದಲ್ಲಿ ಬಿದ್ದು ಎದ್ದು ಆಡುತ್ತಿದ್ದರು. ಹೈಸ್ಕೂಲಿಗೆ ಬಂದ ಮೇಲೆ ಥ್ರೋಬಾಲ್. ಆಗಸ್ಟ್, ಸೆಪ್ಟೆಂಬರ್ ಮಳೆಯಲ್ಲಿ ಕ್ರೀಡಾಕೂಟ ಬರುತ್ತದೆ. ಹತ್ತು ಹದಿನೈದು ದಿನ ಅಭ್ಯಾಸ, ತಾಲೂಕು ಮಟ್ಟದಲ್ಲಿ ಎರಡು ಪಂದ್ಯ, ಒಂದು ಪ್ರಮಾಣಪತ್ರ, ಒಂದು ಫೋಟೊ. ವರ್ಷದ ಉಳಿದ ಹನ್ನೊಂದು ತಿಂಗಳು ಚೆಂಡು ಆಫೀಸ್ ರೂಮಿನ ಕಪಾಟಿನಲ್ಲಿ. ಹತ್ತನೇ ತರಗತಿ ಮುಗಿದ ದಿನ ಅವಳ ಆಟವೂ ಮುಗಿಯುತ್ತದೆ. ಯಾರೂ 'ಬೇಡ' ಎಂದು ಹೇಳಿರುವುದಿಲ್ಲ. ಆಡಲು ಜಾಗ ಇರುವುದಿಲ್ಲ, ಜೊತೆ ಇರುವುದಿಲ್ಲ, ಹೊತ್ತು ಇರುವುದಿಲ್ಲ, ಅಷ್ಟೆ.

ಕಡಲದಂಡೆ ಇದೆಯಲ್ಲ ಎನ್ನುವವರಿದ್ದಾರೆ. ಒದ್ದೆ ಮರಳಿನಲ್ಲಿ ಓಡಿದರೆ ಕಾಲಿಗೆ ಬಲ ಬರುತ್ತದೆ, ನಿಜ. ಆದರೆ ಮರಳಿನಲ್ಲಿ ಚೆಂಡು ನೆಲದಲ್ಲಿ ಉರುಳುವುದಿಲ್ಲ. ಉರುಳುವ ಚೆಂಡನ್ನು ತಡೆಯಲು, ಮುಂದೆ ಕಳಿಸಲು ಕಲಿಯದೆ ಡಿಫೆಂಡರ್ ಆಗಲು ಬರುವುದಿಲ್ಲ. ಭರತ ಬಂದರೆ ಮೈದಾನವೇ ನೀರಿನಡಿ. ಮಳೆಗಾಲದಲ್ಲಿ ದಂಡೆಯನ್ನು ಕಡಲು ತಿನ್ನುತ್ತದೆ. ಮೇಲಾಗಿ ಕತ್ತಲಾಗುವ ಹೊತ್ತಿಗೆ ಹುಡುಗಿಯೊಬ್ಬಳು ದಂಡೆಯಲ್ಲಿದ್ದರೆ ಆಟದ ಮಾತಿಗಿಂತ ಬೇರೆ ಮಾತೇ ಹೆಚ್ಚು ಓಡಾಡುತ್ತದೆ.

ವಯಸ್ಸು ಕಾಯುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಅಸ್ತಮ್ ಆಡಿದ ವಿಶ್ವಕಪ್‌ಗಿಂತ ಮೊದಲು, 2020ರಲ್ಲೇ ಈ ಟೂರ್ನಿ ಭಾರತದಲ್ಲಿ ಆಗಬೇಕಿತ್ತು. ಕೊರೊನಾದಿಂದ ಮೊದಲು ಮುಂದೂಡಿದರು, ಆಮೇಲೆ ರದ್ದು ಮಾಡಿದರು. ಅದಕ್ಕಾಗಿ ತಯಾರಾಗಿದ್ದ ಹುಡುಗಿಯರು 2022 ಬರುವಷ್ಟರಲ್ಲಿ ವಯಸ್ಸು ಮೀರಿದ್ದರು. ಅವರಿಗೆ ಆ ಬಾಗಿಲು ಮತ್ತೆ ತೆರೆಯಲಿಲ್ಲ. ಇಡೀ ಜಗತ್ತಿನ ರೋಗ ಆ ಹುಡುಗಿಯರ ಎರಡು ವರ್ಷ ತಿಂದಿತು. ನಮ್ಮಲ್ಲಿ ರೋಗವೂ ಬೇಡ. 'ಮುಂದಿನ ವರ್ಷ ನೋಡೋಣ' ಎಂಬ ಒಂದು ಮಾತು ಸಾಕು.

ಮನೆಯವರ ಭಯ ಸುಳ್ಳಲ್ಲ

ಹೆತ್ತವರ ಮಾತು ನಮಗೆ ಗೊತ್ತಿದೆ. ಕಾಲು ಮುರಿದರೆ ಯಾರು ನೋಡುತ್ತಾರೆ? ಚಡ್ಡಿ ಹಾಕಿ ಆಡಿಸುತ್ತೀರಾ? ನಾಳೆ ಗಂಡಿನ ಕಡೆಯವರು ಕೇಳಿದರೆ ಏನು ಹೇಳುವುದು? ಓದು ಹಾಳಾದರೆ? ಇವನ್ನು ಹಳೇ ಕಾಲದ ಮಾತು ಎಂದು ನಗಬೇಡಿ. ಒಂದೊಂದಕ್ಕೂ ಉತ್ತರ ಕೊಡಬೇಕು.

ಬಟ್ಟೆಯ ಮಾತು ಸುಲಭ. ಚಡ್ಡಿಯ ಒಳಗೆ ಅದೇ ಬಣ್ಣದ ಉದ್ದ ಟೈಟ್ಸ್, ಮೇಲೆ ತುಂಬು ತೋಳಿನ ಅಂಗಿ ಹಾಕಿ, ತಲೆವಸ್ತ್ರ ಕಟ್ಟಿ ಆಡಲು ಫುಟ್‌ಬಾಲ್ ನಿಯಮದಲ್ಲಿ ಅಡ್ಡಿಯಿಲ್ಲ. ತಲೆವಸ್ತ್ರಕ್ಕೆ 2014ರಿಂದ ಜಾಗತಿಕ ನಿಯಮದಲ್ಲೇ ಒಪ್ಪಿಗೆ ಇದೆ. ಭಟ್ಕಳದಂಥ ಊರಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕು. ಮೊಗೇರರ ಮನೆಯ ಹುಡುಗಿ, ನವಾಯತರ ಮನೆಯ ಹುಡುಗಿ, ಖಾರ್ವಿಯವರ ಮನೆಯ ಹುಡುಗಿ ಒಂದೇ ಸಾಲಿನಲ್ಲಿ ನಿಂತು ಗೋಲು ಕಾಯಬಹುದಾದ ಆಟ ಇದು.

ಓದಿನ ಮಾತಿಗೆ ಬಂದರೆ, ಆಟದಿಂದ ಕೆಲಸ ಸಿಗುತ್ತದೆ ಎಂದು ಹೇಳಿ ಯಾರನ್ನೂ ಮರುಳು ಮಾಡಬಾರದು. ರೈಲ್ವೆ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾ ಕೋಟಾ ಇದೆ, ಆಶಾಲತಾ ದೇವಿಯಂಥವರು ರೈಲ್ವೆಯಲ್ಲಿ ಕೆಲಸ ಮಾಡಿದವರು. ಆದರೆ ಆ ಬಾಗಿಲು ಕಿರಿದು. ನೂರು ಹುಡುಗಿಯರು ಆಡಿದರೆ ಒಬ್ಬಳು ರಾಜ್ಯಕ್ಕೆ ಹೋದಾಳು. ಉಳಿದ ತೊಂಬತ್ತೊಂಬತ್ತು ಮಂದಿಗೆ ಏನು ಸಿಕ್ಕಿತು? ಗಟ್ಟಿ ಮೂಳೆ, ಗಟ್ಟಿ ದನಿ, ಸೋತ ಮರುದಿನ ಎದ್ದು ಬರುವ ಅಭ್ಯಾಸ, ಊರ ಹೊರಗೆ ಹೋಗಿ ಬಂದ ಧೈರ್ಯ. ಇದು ಕಡಿಮೆಯೇ?

ಇನ್ನೊಂದು ಭಯವಿದೆ. ಹೆತ್ತವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹುಡುಗಿಯನ್ನು ಪರಊರಿಗೆ ಯಾರ ಜೊತೆ ಕಳಿಸುವುದು? ಈ ಭಯಕ್ಕೆ ಆಧಾರವಿದೆ. 2022ರ ಅದೇ ವಿಶ್ವಕಪ್ ತಂಡ ತಯಾರಿಗಾಗಿ ಯುರೋಪಿಗೆ ಹೋಗಿದ್ದಾಗ ಲೈಂಗಿಕ ದುರ್ವರ್ತನೆಯ ಆರೋಪದ ಮೇಲೆ ಸಹಾಯಕ ತರಬೇತುದಾರನೊಬ್ಬನನ್ನು ವಾಪಸ್ ಕಳಿಸಿ, ವಜಾ ಮಾಡಬೇಕಾಯಿತು. ದೇಶದ ತಂಡದಲ್ಲೇ ಹೀಗಾದರೆ ತಾಲೂಕಿನ ಗತಿ ಏನು ಎಂದು ತಾಯಿ ಕೇಳಿದರೆ ಅವಳನ್ನು ತಪ್ಪು ಎನ್ನಲಾಗದು. ಆದರೆ ಇದಕ್ಕೆ ಮದ್ದು ಹುಡುಗಿಯನ್ನು ಮನೆಯಲ್ಲಿ ಕೂರಿಸುವುದಲ್ಲ. ತಂಡದ ಜೊತೆ ಕಡ್ಡಾಯವಾಗಿ ಒಬ್ಬ ಅಕ್ಕೋರು ಇರಬೇಕು. ತಾಯಂದಿರಲ್ಲಿ ಇಬ್ಬರು ಸರದಿಯಂತೆ ಹೋಗಬೇಕು. ದೂರು ಕೊಟ್ಟರೆ ಕೇಳುವವರು ಯಾರು ಎಂಬುದು ಹುಡುಗಿಗೆ ಮೊದಲೇ ಗೊತ್ತಿರಬೇಕು. ಮಕ್ಕಳ ಸಹಾಯವಾಣಿ 1098 ನಂಬರ್ ಶಾಲೆಯ ಗೋಡೆಯ ಮೇಲೆ ಬರೆದರೆ ಸಾಲದು, ಅವಳ ಬಾಯಲ್ಲಿರಬೇಕು.

ಕೇಳಬೇಕಾದದ್ದು ಏನು

ನಾವು ದೊಡ್ಡ ಕ್ರೀಡಾಂಗಣ ಕೇಳಿ ಎನ್ನುವುದಿಲ್ಲ. ಅದಕ್ಕೆ ಶಂಕುಸ್ಥಾಪನೆ ಬೇಗ ಆಗುತ್ತದೆ, ಉದ್ಘಾಟನೆ ಆಗುವುದಿಲ್ಲ. ಸಣ್ಣದು ಕೇಳೋಣ, ಈ ವರ್ಷವೇ ಆಗುವಂಥದ್ದು ಕೇಳೋಣ.

ಮೊದಲನೆಯದು ಜಾಗ. ಪೂರ್ತಿ ಫುಟ್‌ಬಾಲ್ ಮೈದಾನ ನೂರು ಮೀಟರ್ ಉದ್ದ ಬೇಕು. ಏಳು ಏಳು ಜನ ಆಡಲು 60 ಮೀಟರ್ ಉದ್ದ, 40 ಮೀಟರ್ ಅಗಲ ಸಾಕು. ಶಾಲೆಯ ಹಿಂದಿನ ತಗ್ಗು ಜಾಗ ಸಮ ಮಾಡಿ, ನೀರು ಹೋಗಲು ಎರಡು ಬದಿ ಕಾಲುವೆ ತೆಗೆದರೆ ಆಯಿತು. ಉದ್ಯೋಗ ಖಾತ್ರಿ ಕಾಮಗಾರಿಯಲ್ಲಿ ಶಾಲೆಗೆ ಮೈದಾನ ಮಾಡಿಕೊಟ್ಟ ಪಂಚಾಯತ್‌ಗಳು ನಮ್ಮ ರಾಜ್ಯದಲ್ಲೇ ಇವೆ. ಗೊರ್ರಾಟೋಲಿಯಲ್ಲಿ ಮಗಳು ಹೆಸರು ಮಾಡಿದ ಮೇಲೆ ಅಪ್ಪ-ಅಮ್ಮ ರಸ್ತೆಗೆ ಕೂಲಿ ಮಾಡಿದರು. ನಮ್ಮಲ್ಲಿ ಮಗಳು ಆಡಲು ಶುರುಮಾಡುವ ಮೊದಲೇ ಅಪ್ಪ-ಅಮ್ಮ ಮೈದಾನಕ್ಕೆ ಕೆಲಸ ಮಾಡಲಿ, ಸರಿಯಾದ ಕೂಲಿ ಪಡೆಯಲಿ.

ಎರಡನೆಯದು ಹೊತ್ತು. ಇರುವ ಮೈದಾನದಲ್ಲೇ ವಾರಕ್ಕೆ ಮೂರು ಸಂಜೆ, ನಾಲ್ಕೂವರೆಯಿಂದ ಆರು, ಹುಡುಗಿಯರಿಗೆ ಎಂದು ಪಂಚಾಯತ್ ಬರೆದು ಹಾಕಲಿ. ಹುಡುಗರು ಆ ಹೊತ್ತಿಗೆ ಬಿಟ್ಟುಕೊಡಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ. ಮನೆಯಲ್ಲೂ ಆ ಮೂರು ಸಂಜೆ ಪಾತ್ರೆ, ನೀರು, ತಮ್ಮನ ಕೆಲಸ ಬೇರೆಯವರು ನೋಡಿಕೊಳ್ಳಬೇಕು. ತಮ್ಮನೇ ನೋಡಿಕೊಂಡರೂ ತಪ್ಪಿಲ್ಲ.

ಮೂರನೆಯದು ಕಲಿಸುವವರು. ನಿಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಇದೆಯೇ, ಇದ್ದರೆ ಭರ್ತಿಯಾಗಿದೆಯೇ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಖಾಲಿ ಇದ್ದರೆ ಬಿಇಒ ಕಚೇರಿಗೆ ಬರೆದು ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ಅಲ್ಲಿಯವರೆಗೆ ಊರಿನಲ್ಲಿ ಕಾಲೇಜು ತಂಡಕ್ಕೆ ಆಡಿ ಬಂದವರಿದ್ದರೆ ಅವರನ್ನು ಕರೆಯಿರಿ. ಮೈದಾನದ ಅಂಚಿನಲ್ಲಿ ಒಬ್ಬ ಅಕ್ಕೋರು ಅಥವಾ ತಾಯಿ ಕುಳಿತಿರಲಿ.

ನಾಲ್ಕನೆಯದು ಮೆಟ್ಟಿಲು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ಶಾಲೆ, ಕ್ರೀಡಾ ವಸತಿ ನಿಲಯಗಳಿಗೆ ಪ್ರತಿ ವರ್ಷ ಮಕ್ಕಳನ್ನು ಆಯ್ಕೆ ಮಾಡುತ್ತದೆ. ಆಯ್ಕೆಯ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ನಮ್ಮ ಮೀನುಗಾರರ ಕೇರಿಯವರೆಗೆ ಬರುವಷ್ಟರಲ್ಲಿ ದಿನ ಮುಗಿದಿರುತ್ತದೆ. ಆ ಪ್ರಕಟಣೆ ಪ್ರತಿ ಹೈಸ್ಕೂಲಿನ ಬೋರ್ಡಿನಲ್ಲಿ, ಪ್ರತಿ ವಾರ್ಡಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರಬೇಕು. ಆಯ್ಕೆಗೆ ಹೋಗುವ ಹುಡುಗಿಯ ಬಸ್ ಚಾರ್ಜನ್ನು ಪಂಚಾಯತ್ ಕೊಡಬೇಕು. ಹಜಾರಿಬಾಗ್‌ನಂಥ ಹುಡುಗಿಯರ ಫುಟ್‌ಬಾಲ್ ವಸತಿ ಕೇಂದ್ರ ಕರಾವಳಿಗೂ ಒಂದು ಬೇಕು ಎಂದು ನಮ್ಮ ಶಾಸಕರನ್ನು ಕೇಳಬೇಕು. ವೋಟು ಕೇಳಲು ಬಂದಾಗ ಅಲ್ಲ, ಬಜೆಟ್‌ಗಿಂತ ಮೊದಲು.

ಐದನೆಯದು ಹುಡುಗಿಯರದೇ ಮಾತು. ಪ್ರತಿ ವರ್ಷ ಮಕ್ಕಳ ಗ್ರಾಮಸಭೆ ನಡೆಯಬೇಕು ಎಂದು ಸರ್ಕಾರದ ಆದೇಶವಿದೆ. ಅಲ್ಲಿ ಹುಡುಗಿಯರು ಎದ್ದು ನಿಂತು 'ನಮಗೆ ಆಡಲು ಜಾಗ ಬೇಕು' ಎಂದು ಹೇಳಲಿ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಲಿ. ಬರೆದದ್ದಕ್ಕೆ ಪಂಚಾಯತ್ ಉತ್ತರ ಕೊಡಲೇಬೇಕು. ಮುಂದಿನ ವರ್ಷ ಅದೇ ಪುಟ ತೆಗೆದು ಓದಿ ಕೇಳಲು ಬರುತ್ತದೆ.

ನಾಳೆ ನಮ್ಮ ಕರಾವಳಿಯ ಹುಡುಗಿಯೊಬ್ಬಳು ಭಾರತದ ಅಂಗಿ ಹಾಕಿದಳು ಎಂದುಕೊಳ್ಳಿ. ಭಟ್ಕಳ ಬಸ್ ನಿಲ್ದಾಣದಿಂದ ತೆರೆದ ಜೀಪಿನಲ್ಲಿ ಮೆರವಣಿಗೆ ಬರುತ್ತದೆ, ಶಾಲು ಬರುತ್ತದೆ, ಫ್ಲೆಕ್ಸ್ ಬರುತ್ತದೆ, ಅವಳ ಹೆಸರಿನಲ್ಲಿ ರಸ್ತೆಯೂ ಬಂದೀತು. ಎಲ್ಲ ಪಕ್ಷದವರೂ ಫೋಟೊದಲ್ಲಿ ಇರುತ್ತಾರೆ. ಅದು ಯಾವಾಗ ಬೇಕಾದರೂ ಆಗುತ್ತದೆ. ಅದಕ್ಕೆ ಮೊದಲು ಆಗಬೇಕಾದದ್ದು ಈಗ ಏಳನೇ ತರಗತಿಯಲ್ಲಿರುವ ಹುಡುಗಿಗೆ, ಅದೂ ಈ ಮಳೆ ನಿಂತ ಕೂಡಲೇ. ಅವಳಿಗೆ ಒಂದು ಚೆಂಡು, ಒಂದು ಸಮನೆಲ, ವಾರಕ್ಕೆ ಮೂರು ಸಂಜೆ. ನಿಮ್ಮ ವಾರ್ಡಿನ ಸದಸ್ಯರ ನಂಬರ್ ನಿಮ್ಮ ಮೊಬೈಲ್‌ನಲ್ಲೇ ಇದೆ. ಇದನ್ನು ಅವರಿಗೆ ಕಳಿಸಿ, ಕಳಿಸಿ ಸುಮ್ಮನಾಗಬೇಡಿ, ಒಂದು ಫೋನ್ ಮಾಡಿ ಕೇಳಿ.